ಆರು ಅಕ್ಷರಗಳಿಗೆ ಟೋಪಿ ಹಾಕಿದ ಡಾಕ್ಟರ್

ವಾಟ್ಸಾಪ್‌ನಲ್ಲಿ ನಾವು ಬರೆಯೋ ಕನ್ನಡ ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ಎಚ್, ಎ, ಎಲ್, ಎಲ್, ಐ ಅಂತ ಐದು ಕೀ ಒತ್ತಿ ಕಳಿಸಿದರೆ, ಓದುವವರು ಅದನ್ನು ಹಳ್ಳಿ ಅಂತಲೂ ಓದಬಹುದು, ಹಲ್ಲಿ ಅಂತಲೂ ಓದಬಹುದು. ರಜೆಗೆ ಹಲ್ಲಿಗೆ ಯಾರೂ ಹೋಗಲ್ಲ ಅಂತ ನಾವೇ ಊಹೆ ಮಾಡ್ಕೊಂಡು ಮುಂದೆ ಹೋಗ್ತೀವಿ. ಕೀಬೋರ್ಡ್‌ನಲ್ಲಿ ಇಲ್ಲದ ಅಕ್ಷರವನ್ನು ಇರೋ ಅಕ್ಷರದಲ್ಲೇ ಅಡ್ಜಸ್ಟ್ ಮಾಡೋದು ನಮಗೆ ಅಭ್ಯಾಸ ಆಗಿಬಿಟ್ಟಿದೆ.

ಇದು ಕಂಪ್ಯೂಟರ್ ಬಂದ ಮೇಲೆ ಶುರುವಾದ ತೊಂದರೆ ಅಲ್ಲ, ಕನ್ನಡಕ್ಕೆ ಮಾತ್ರ ಇರೋ ತೊಂದರೆಯೂ ಅಲ್ಲ. 130 ವರ್ಷಗಳ ಹಿಂದೆ ಪೋಲೆಂಡಿನ ಒಬ್ಬ ಕಣ್ಣಿನ ಡಾಕ್ಟರು ಬರೀ ಆರು ಅಕ್ಷರಗಳಿಗಾಗಿ ಜೀವನಪೂರ್ತಿ ಇದೇ ಜಗಳ ಎದುರಿಸಿದರು. ಅವರ ಹೆಸರು ಲುಡ್ವಿಕ್ ಲಾಜರ್ ಜಾಮೆನ್‌ಹಾಫ್. ಎಸ್ಪೆರಾಂಟೊ ಅನ್ನೋ ಭಾಷೆಯನ್ನು ಮಾಡಿದವರು. ಕ್ವಿಜ್‌ಗಳಲ್ಲಿ ಈ ಹೆಸರು ನೀವು ಕೇಳಿರಬಹುದು. ಆದರೆ ಅವರ ಬದುಕನ್ನು ಆ ಆರು ಅಕ್ಷರಗಳ ಕಡೆಯಿಂದ ನೋಡಿದರೆ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತುಂಬಾ ಹತ್ತಿರದ ಕಥೆ ಅನಿಸುತ್ತೆ.

ನಾಲ್ಕು ಭಾಷೆಗಳ ಊರು

ಜಾಮೆನ್‌ಹಾಫ್ ಹುಟ್ಟಿದ್ದು 1859ರ ಡಿಸೆಂಬರ್ 15ರಂದು, ಬಿಯಾವಿಸ್ತೋಕ್ ಎಂಬ ಊರಲ್ಲಿ. ಈಗ ಅದು ಪೋಲೆಂಡಿನಲ್ಲಿದೆ, ಆಗ ರಷ್ಯಾ ಸಾಮ್ರಾಜ್ಯದಲ್ಲಿತ್ತು. ತಮಾಷೆ ಏನಂದ್ರೆ ಈ ಊರಿನ ಹೆಸರೇ ನಮ್ಮ ವಿಷಯಕ್ಕೆ ಒಂದು ಉದಾಹರಣೆ. ಪೋಲಿಷ್‌ನಲ್ಲಿ ಇದರ ನಡುವಿನ ಎಲ್ ಅಕ್ಷರಕ್ಕೆ ಅಡ್ಡವಾಗಿ ಒಂದು ಗೀಟು ಇದೆ. ಗೀಟು ಇದ್ದರೆ ಅದನ್ನು ಎಲ್ ಅಂತ ಓದಲ್ಲ, ವ್ ಥರ ಓದ್ತಾರೆ. ಇಂಗ್ಲಿಷ್ ಕೀಬೋರ್ಡ್‌ನಲ್ಲಿ ಆ ಗೀಟು ಸಿಗಲ್ಲ, ಹಾಗಾಗಿ ಪ್ರಪಂಚದ ಅರ್ಧ ಜನ ಆ ಊರನ್ನು ಬಿಯಾಲಿಸ್ಟೋಕ್ ಅಂತಾರೆ. ಒಂದು ಗೀಟು ಹೋದರೆ ಊರಿನ ಹೆಸರೇ ಬದಲಾಗುತ್ತೆ.

ಆ ಊರಲ್ಲಿ ಯಿಡ್ಡಿಷ್ ಮಾತಾಡೋ ಯಹೂದಿಗಳು, ಪೋಲಿಷರು, ರಷ್ಯನ್ನರು, ಜರ್ಮನ್ನರು ಎಲ್ಲರೂ ಇದ್ದರು. ಒಂದೇ ಮಾರುಕಟ್ಟೆ, ಆದರೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗ್ತಿರಲಿಲ್ಲ. ಜಾಮೆನ್‌ಹಾಫ್ ಅವರದು ಯಹೂದಿ ಕುಟುಂಬ. ತಂದೆ ಮಾರ್ಕುಸ್ ಭಾಷೆ ಕಲಿಸುವ ಮೇಷ್ಟ್ರು. ಹೀಗಾಗಿ ಹುಡುಗನಿಗೆ ಚಿಕ್ಕಂದಿನಲ್ಲೇ ಹಲವು ಭಾಷೆಗಳು ಬಂದವು. ಬೀದಿಯಲ್ಲಿ ನಡೆಯೋ ಹೊಡೆದಾಟ ನೋಡಿ, ಇವರೆಲ್ಲರಿಗೂ ಸೇರಿದ ಒಂದು ಭಾಷೆ ಇದ್ದಿದ್ದರೆ ಅಂತ ಅವನಿಗೆ ಅನಿಸ್ತಿತ್ತು. ಅದು ಯಾರ ಮಾತೃಭಾಷೆಯೂ ಆಗಿರಬಾರದು. ಆಗ ಯಾರೂ ಯಾರ ಮುಂದೆಯೂ ತಲೆತಗ್ಗಿಸಬೇಕಾಗಿಲ್ಲ. ಈ ಯೋಚನೆ ಅವರನ್ನು ಕೊನೆವರೆಗೂ ಬಿಡಲಿಲ್ಲ.

1873ರಲ್ಲಿ ಕುಟುಂಬ ವಾರ್ಸಾಗೆ ಬಂತು. ಹೈಸ್ಕೂಲಿನಲ್ಲಿ ಇರುವಾಗಲೇ ಭಾಷೆ ಕಟ್ಟೋ ಕೆಲಸ ಶುರು. ನಿಘಂಟು ಹೇಗಪ್ಪ ಚಿಕ್ಕದು ಮಾಡೋದು ಅಂತ ಒದ್ದಾಡ್ತಿದ್ದಾಗ ಅಂಗಡಿಗಳ ರಷ್ಯನ್ ಬೋರ್ಡುಗಳಲ್ಲಿ ಒಂದೇ ಥರದ ಪ್ರತ್ಯಯ ಮತ್ತೆ ಮತ್ತೆ ಬರೋದು ಕಣ್ಣಿಗೆ ಬಿತ್ತು. ಪ್ರತ್ಯಯಗಳನ್ನು ಜೋಡಿಸಿದರೆ ಒಂದು ಮೂಲದಿಂದ ಹತ್ತಾರು ಪದ ಮಾಡಬಹುದು! ನಾವು ಫಂಕ್ಷನ್ ಬರೆದಿಟ್ಟುಕೊಂಡು ಬೇಕಾದ ಕಡೆ ಕರೆಯೋ ಥರ. ಎಸ್ಪೆರಾಂಟೊದಲ್ಲಿ ಬೋನ ಅಂದರೆ ಒಳ್ಳೆಯ, ಅದರ ಮುಂದೆ ಮಾಲ್ ಸೇರಿಸಿ ಮಾಲ್‌ಬೋನ ಅಂದರೆ ಕೆಟ್ಟ. ಪಾತ್ರೊ ಅಂದರೆ ತಂದೆ, ಪಾತ್ರಿನೊ ಅಂದರೆ ತಾಯಿ. ಲೆರ್ನಿ ಅಂದರೆ ಕಲಿಯೋದು, ಲೆರ್ನೇಯೊ ಅಂದರೆ ಕಲಿಯೋ ಜಾಗ, ಅಂದರೆ ಶಾಲೆ.

1878ರ ಡಿಸೆಂಬರಿನಲ್ಲಿ ಗೆಳೆಯರ ಜೊತೆ ಕೇಕ್ ಇಟ್ಟು ಮೊದಲ ವರ್ಷನ್ ಬಿಡುಗಡೆ ಮಾಡಿಕೊಂಡರು. ಆಗ ಅವರಿಗೆ ವಯಸ್ಸು ನಮ್ಮಷ್ಟೇ, ಹತ್ತೊಂಬತ್ತು. ಮುಂದಿನ ವರ್ಷ ಮೆಡಿಕಲ್ ಓದಲು ಮಾಸ್ಕೋಗೆ ಹೊರಟಾಗ ತಂದೆ ಆ ಹಸ್ತಪ್ರತಿಗಳನ್ನು ತಮ್ಮ ಹತ್ತಿರ ಇಟ್ಟುಕೊಂಡರು. ಓದು ಮುಗಿಯೋವರೆಗೂ ಈ ಹುಚ್ಚು ಬೇಡ ಅನ್ನೋದು ಅವರ ಲೆಕ್ಕ. ಆಮೇಲೆ ಅವನ್ನು ಸುಟ್ಟೇಬಿಟ್ಟರು ಅಂತ ಹೇಳ್ತಾರೆ. ಬ್ಯಾಕಪ್ ತಲೆಯಲ್ಲೇ ಇದ್ದುದರಿಂದ ಮಗ ಎಲ್ಲವನ್ನೂ ಮತ್ತೆ ಬರೆದ. ದುಡ್ಡಿನ ಕಷ್ಟದಿಂದ 1881ರಲ್ಲಿ ವಾರ್ಸಾಗೆ ವಾಪಸ್ ಬಂದು, 1885ರಲ್ಲಿ ಅಲ್ಲೇ ಡಾಕ್ಟರ್ ಆದರು. ಹಳ್ಳಿಗಳಲ್ಲಿ ಸ್ವಲ್ಪ ದಿನ ಕೆಲಸ ಮಾಡಿದ ಮೇಲೆ ಸಾಯುವ ರೋಗಿಗಳನ್ನು ನೋಡಕ್ಕಾಗದೆ ಕಣ್ಣಿನ ವೈದ್ಯಕೀಯದ ಕಡೆ ತಿರುಗಿದರು.

ಟೋಪಿ ಬಂದದ್ದು ಹೇಗೆ?

1887ರ ಜುಲೈ 26. ವಾರ್ಸಾದಲ್ಲಿ ರಷ್ಯನ್ ಭಾಷೆಯಲ್ಲಿ 40 ಪುಟದ ಒಂದು ಪುಸ್ತಿಕೆ ಹೊರಗೆ ಬಂತು. ಲೇಖಕರ ಹೆಸರಿನ ಜಾಗದಲ್ಲಿ ಡಾಕ್ಟರ್ ಎಸ್ಪೆರಾಂಟೊ ಅಂತಿತ್ತು. ಅಂದರೆ ಆಶಾವಾದಿ ಡಾಕ್ಟರ್. ಆಮೇಲೆ ಭಾಷೆಗೇ ಆ ಹೆಸರು ನಿಂತಿತು. ಖರ್ಚು ಕೊಟ್ಟಿದ್ದು ಮಾವನಾಗಲಿದ್ದ ಅಲೆಕ್ಸಾಂಡರ್ ಸಿಲ್ಬರ್ನಿಕ್. ಮುಂದಿನ ತಿಂಗಳೇ ಅವರ ಮಗಳು ಕ್ಲಾರಾ ಜೊತೆ ಮದುವೆ ಆಯಿತು. ಪುಸ್ತಿಕೆಯಲ್ಲಿ 16 ವ್ಯಾಕರಣ ನಿಯಮ, ಸುಮಾರು 900 ಮೂಲಪದ ಇದ್ದವು. ಜೊತೆಗೆ ಹರಿದು ಕಳಿಸೋ ಕೂಪನ್‌ಗಳು. ಒಂದು ಕೋಟಿ ಜನ ಒಪ್ಪಿದರೆ ನಾನೂ ಕಲಿತೀನಿ ಅಂತ ಸಹಿ ಹಾಕಿ ಕಳಿಸಬೇಕು. ಒಂದು ಕೋಟಿ ಬರಲಿಲ್ಲ. ಎರಡು ವರ್ಷದ ನಂತರ ಬಂದ ಮೊದಲ ವಿಳಾಸ ಪಟ್ಟಿಯಲ್ಲಿದ್ದದ್ದು ಸುಮಾರು ಸಾವಿರ ಹೆಸರು. ಅದೇ ಪುಸ್ತಿಕೆಯಲ್ಲಿ ಅವರು ಭಾಷೆಯ ಮೇಲೆ ತನಗೆ ಯಾವ ಹಕ್ಕೂ ಬೇಡ ಅಂತ ಬರೆದುಕೊಟ್ಟಿದ್ದರು. ಈಗಿನ ಮಾತಲ್ಲಿ ಹೇಳೋದಾದ್ರೆ ಓಪನ್ ಸೋರ್ಸ್. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಅಕ್ಷರಗಳ ವಿಷಯಕ್ಕೆ ಬರೋಣ. ಜಾಮೆನ್‌ಹಾಫ್ ಅವರ ನಿಯಮ ಸರಳ: ಒಂದು ಅಕ್ಷರ, ಒಂದೇ ಸದ್ದು. ಬರೆದಂತೆ ಓದು, ಓದಿದಂತೆ ಬರೆ. ಕನ್ನಡದವರಾದ ನಮಗೆ ಇದರಲ್ಲಿ ಏನೂ ಆಶ್ಚರ್ಯ ಇಲ್ಲ. ಆದರೆ ಲ್ಯಾಟಿನ್ ಲಿಪಿಯ 26 ಅಕ್ಷರದಲ್ಲಿ ಇದು ಕಷ್ಟ. ಇಂಗ್ಲಿಷಿನಲ್ಲಿ ಚ ಬರೆಯಲು ಸಿ ಮತ್ತು ಎಚ್ ಎರಡೂ ಬೇಕು, ಶ ಬರೆಯಲು ಎಸ್ ಮತ್ತು ಎಚ್ ಬೇಕು. ಜಾಮೆನ್‌ಹಾಫ್ ಕ್ಯೂ, ಡಬ್ಲ್ಯೂ, ಎಕ್ಸ್, ವೈ ನಾಲ್ಕನ್ನು ಕೈಬಿಟ್ಟು, ಆರು ಹೊಸ ಅಕ್ಷರ ಸೇರಿಸಿದರು. ಸಿ, ಜಿ, ಎಚ್, ಜೆ, ಎಸ್ ಐದರ ಮೇಲೂ ಮನೆಯ ಚಾವಣಿ ಥರದ ಒಂದು ಚಿಹ್ನೆ. ಅದಕ್ಕೆ ಸರ್ಕಮ್‌ಫ್ಲೆಕ್ಸ್ ಅಂತಾರೆ. ಆರನೆಯದಾದ ಯು ಮೇಲೆ ಬಟ್ಟಲಿನ ಥರದ ಚಿಹ್ನೆ. ಒಟ್ಟು 28 ಅಕ್ಷರ. ಟೋಪಿ ಇಲ್ಲದ ಎಸ್ ಅಂದರೆ ಸ, ಟೋಪಿ ಇದ್ದರೆ ಶ. ಟೋಪಿ ಇಲ್ಲದ ಸಿ ಅಂದರೆ ತ್ಸ, ಟೋಪಿ ಇದ್ದರೆ ಚ. ಎಸ್ಪೆರಾಂಟೊ ಮಾತಾಡುವವರೇ ಪ್ರೀತಿಯಿಂದ ಇವುಗಳನ್ನು ಟೋಪಿ ಅಕ್ಷರಗಳು ಅಂತ ಕರೀತಾರೆ. ಕನ್ನಡದಲ್ಲಿ ಟೋಪಿ ಹಾಕೋದು ಅಂದ್ರೆ ಬೇರೆ ಅರ್ಥ ಇದೆ, ಆದರೆ ಇಲ್ಲಿ ಮೋಸ ಏನಿಲ್ಲ.

ಕಾಗದದ ಮೇಲೆ ಇದು ಚೆನ್ನಾಗಿಯೇ ಇತ್ತು. ತೊಂದರೆ ಶುರುವಾಗಿದ್ದು ಪ್ರೆಸ್‌ನಲ್ಲಿ. ಆಗ ಒಂದೊಂದು ಅಕ್ಷರಕ್ಕೂ ಸೀಸದ ಮೊಳೆ ಬೇಕು. ಟೋಪಿ ಇರೋ ಎಚ್, ಟೋಪಿ ಇರೋ ಜೆ ಮೊಳೆಗಳನ್ನು ಊರಿನ ಸಾಮಾನ್ಯ ಪ್ರೆಸ್ ಯಾಕೆ ಇಟ್ಟುಕೊಂಡಿರುತ್ತೆ? ಇದಕ್ಕೆ ಜಾಮೆನ್‌ಹಾಫ್ ಒಂದು ದಾರಿ ಕೊಟ್ಟರು. ಮೊಳೆ ಇಲ್ಲದ ಪ್ರೆಸ್‌ನವರು ಟೋಪಿ ಬದಲು ಪಕ್ಕದಲ್ಲಿ ಒಂದು ಎಚ್ ಹಾಕಬಹುದು, ಯು ಮೇಲಿನ ಬಟ್ಟಲನ್ನು ಬಿಟ್ಟೇಬಿಡಬಹುದು. ನಾವು ವಾಟ್ಸಾಪ್‌ನಲ್ಲಿ ಥ, ಧ, ಭ ಬರೆಯಲು ಎಚ್ ಸೇರಿಸ್ತೀವಲ್ಲ, ಅದೇ ಐಡಿಯಾ. ತೊಂದರೆಯೂ ಅದೇ. ಎಸ್ಪೆರಾಂಟೊದಲ್ಲಿ ವಿಮಾನ ನಿಲ್ದಾಣಕ್ಕೆ ಫ್ಲುಗ್‌ಹವೇನೊ ಅಂತಾರೆ. ಫ್ಲುಗ್ ಅಂದರೆ ಹಾರಾಟ, ಹವೇನೊ ಅಂದರೆ ಬಂದರು. ಮಧ್ಯದಲ್ಲಿ ಜಿ ಪಕ್ಕ ಎಚ್ ಸಹಜವಾಗಿಯೇ ಬರುತ್ತೆ. ಅದು ನಿಜವಾದ ಎಚ್ಚೋ, ಟೋಪಿಯ ಬದಲು ಬಂದ ಎಚ್ಚೋ? ಪದ ಗೊತ್ತಿದ್ದವರಿಗೆ ಮಾತ್ರ ಗೊತ್ತು. ನಮ್ಮ ಹಳ್ಳಿ, ಹಲ್ಲಿ ಥರಾನೇ.

ಮಾಡಿದವರೇ ಬೇಡ ಅಂದಾಗ

ಟೋಪಿಗಳ ಮೇಲೆ ದೂರು ಬರ್ತಾನೇ ಇತ್ತು. 1889ರಿಂದ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಲಾ ಎಸ್ಪೆರಾಂಟಿಸ್ಟೊ ಅನ್ನೋ ಪತ್ರಿಕೆ ಬರ್ತಿತ್ತು. ಭಾಷೆ ಇನ್ನೂ ಸುಲಭ ಆಗಲಿ, ಬದಲಾಯಿಸಿ ಅಂತ ಒತ್ತಡ ಹೆಚ್ಚಾದಾಗ 1894ರಲ್ಲಿ ಜಾಮೆನ್‌ಹಾಫ್ ಅವರೇ ಒಂದು ಸುಧಾರಣೆಯ ಪಟ್ಟಿ ತಯಾರಿಸಿದರು. ಅದರಲ್ಲಿ ಟೋಪಿ ಅಕ್ಷರಗಳು ಪೂರ್ತಿ ಹೋಗ್ತಿದ್ದವು. ತಾವೇ ಹುಟ್ಟಿಸಿದ ಅಕ್ಷರಗಳನ್ನು ತೆಗೆಯಲು ಅವರು ರೆಡಿ ಇದ್ದರು. ಆದರೆ ತಾವೊಬ್ಬರೇ ತೀರ್ಮಾನ ಮಾಡಲಿಲ್ಲ. ಪತ್ರಿಕೆಯ ಚಂದಾದಾರರ ಮುಂದೆ ವೋಟಿಗೆ ಇಟ್ಟರು. ಬಹುಮತ ಬೇಡ ಅಂತು. ಭಾಷೆ ಇದ್ದ ಹಾಗೇ ಇರಲಿ ಅಂದರು ಜನ.

ಯೋಚನೆ ಮಾಡಿ. ಅವರೆಲ್ಲ ಏಳು ವರ್ಷದಿಂದ ಆ ಅಕ್ಷರಗಳಲ್ಲಿ ಪತ್ರ ಬರೆದಿದ್ದರು, ಕಥೆ ಓದಿದ್ದರು, ಗೆಳೆಯರನ್ನು ಮಾಡ್ಕೊಂಡಿದ್ದರು. ಮೊಳೆ ಸಿಗಲ್ಲ ಅನ್ನೋದು ಪ್ರೆಸ್‌ನವರ ಕಷ್ಟ. ಅದಕ್ಕಾಗಿ ತಮ್ಮ ಅಕ್ಷರ ಬಿಡೋದು ಅವರಿಗೆ ಸರಿ ಅನಿಸಲಿಲ್ಲ. ಜಾಮೆನ್‌ಹಾಫ್ ತೀರ್ಪನ್ನು ಒಪ್ಪಿಕೊಂಡು ಹಳೆಯ ಎಸ್ಪೆರಾಂಟೊದಲ್ಲೇ ಮುಂದುವರಿದರು. ಅದೇ ವರ್ಷ ಅವರ ಹ್ಯಾಮ್ಲೆಟ್ ಅನುವಾದವೂ ಟೋಪಿ ಅಕ್ಷರಗಳಲ್ಲೇ ಬಂತು. 1895ರಲ್ಲಿ ಪತ್ರಿಕೆ ನಿಂತುಹೋಯಿತು. ಟಾಲ್‌ಸ್ಟಾಯ್ ಅವರ ಲೇಖನ ಹಾಕಿದ್ದಕ್ಕೆ ರಷ್ಯಾದ ಸೆನ್ಸಾರ್ ಪತ್ರಿಕೆಯನ್ನು ಒಳಗೆ ಬಿಡಲಿಲ್ಲ, ಚಂದಾದಾರರು ಹೆಚ್ಚಿದ್ದದ್ದು ಅಲ್ಲೇ.

ಇಷ್ಟರಲ್ಲಿ ಮಾವ ಕೊಟ್ಟ ದುಡ್ಡೆಲ್ಲ ಪುಸ್ತಕಗಳಿಗೆ ಖರ್ಚಾಗಿತ್ತು. ಊರೂರು ಸುತ್ತಿ ಕೊನೆಗೆ ವಾರ್ಸಾದ ಬಡ ಯಹೂದಿಗಳ ಬಡಾವಣೆಯ ಜಿಕಾ ಬೀದಿಯಲ್ಲಿ ಜಾಮೆನ್‌ಹಾಫ್ ಕ್ಲಿನಿಕ್ ಇಟ್ಟರು. ಹಗಲು ಕಡಿಮೆ ಫೀಸಿಗೆ ಕಣ್ಣು ನೋಡೋದು, ರಾತ್ರಿ ಪತ್ರಗಳಿಗೆ ಉತ್ತರ ಬರೆಯೋದು, ಅನುವಾದ ಮಾಡೋದು. ಸಾಯುವ ಮುಂಚೆ ಬೈಬಲ್ಲಿನ ಹಳೆಯ ಒಡಂಬಡಿಕೆ ಪೂರ್ತಿ ಎಸ್ಪೆರಾಂಟೊಗೆ ತಂದಿದ್ದರು.

1905ರ ಆಗಸ್ಟಿನಲ್ಲಿ ಫ್ರಾನ್ಸಿನ ಬೂಲೋನ್ ಎಂಬ ಸಮುದ್ರ ತೀರದ ಊರಲ್ಲಿ ಮೊದಲ ವಿಶ್ವ ಸಮ್ಮೇಳನ ನಡೀತು. 20 ದೇಶಗಳ 688 ಜನ ಬಂದರು. ಅಲ್ಲಿವರೆಗೆ ಈ ಭಾಷೆ ಹೆಚ್ಚಾಗಿ ಪತ್ರಗಳಲ್ಲೇ ಓಡಾಡ್ತಿತ್ತು. ಬೇರೆ ಬೇರೆ ದೇಶದವರು ಒಂದೇ ಹಾಲ್‌ನಲ್ಲಿ ಕೂತು ಮಾತಾಡಿದಾಗ ಅದು ನಿಜವಾಗಿ ಕೆಲಸ ಮಾಡುತ್ತೆ ಅಂತ ಸಾಬೀತಾಯಿತು. ಅಲ್ಲಿ ಎರಡು ತೀರ್ಮಾನ ಆದವು. ಭಾಷೆಗೆ ಯಾರೂ ಮಾಲೀಕರಿಲ್ಲ ಅನ್ನೋದು ಒಂದು. ಫುಂಡಮೆಂಟೊ ಅನ್ನೋ ಮೂಲ ಪುಸ್ತಕವನ್ನು ಯಾರೂ, ಜಾಮೆನ್‌ಹಾಫ್ ಕೂಡ, ಬದಲಾಯಿಸೋ ಹಾಗಿಲ್ಲ ಅನ್ನೋದು ಇನ್ನೊಂದು. ಎಚ್ ಹಾಕೋ ಆ ಅನುಮತಿಯೂ ಆ ಪುಸ್ತಕದಲ್ಲಿದೆ.

ಜಗಳ ಮಾತ್ರ ನಿಲ್ಲಲಿಲ್ಲ. ಫ್ರಾನ್ಸಿನ ಎಮಿಲ್ ಜವಾಲ್ ಕೂಡ ಕಣ್ಣಿನ ಡಾಕ್ಟರೇ, ಓದುವಾಗ ಕಣ್ಣು ಹೇಗೆ ಚಲಿಸುತ್ತೆ ಅಂತ ಸಂಶೋಧನೆ ಮಾಡಿದವರು. ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡಿದ್ದರು. ಜಾಮೆನ್‌ಹಾಫ್ ಮೇಲೆ ತುಂಬಾ ಪ್ರೀತಿ, ಆದರೆ ಟೋಪಿಗಳು ಓದೋದಕ್ಕೆ ಅಡ್ಡಿ ಅನ್ನೋದು ಅವರ ವಾದ. 1907ರಲ್ಲಿ ದೊಡ್ಡ ಏಟು ಬಿತ್ತು. ಅಂತರರಾಷ್ಟ್ರೀಯ ಭಾಷೆ ಯಾವುದಿರಬೇಕು ಅಂತ ತೀರ್ಮಾನಿಸಲು ಪ್ಯಾರಿಸ್‌ನಲ್ಲಿ ವಿದ್ವಾಂಸರ ಒಂದು ಸಮಿತಿ ಕೂತಿತು. ಎಸ್ಪೆರಾಂಟೊ ಪರ ಮಾತಾಡಲು ಜಾಮೆನ್‌ಹಾಫ್ ಲೂಯಿ ದ ಬೋಫ್ರೋಂ ಅವರನ್ನು ಕಳಿಸಿದರು. ಆ ಸಭೆಗೆ ಹೆಸರಿಲ್ಲದ ಒಂದು ಪ್ರಸ್ತಾಪ ಬಂತು. ಟೋಪಿಗಳಿಲ್ಲದ, ತಿದ್ದಿದ ಎಸ್ಪೆರಾಂಟೊ. ಅದರ ಹೆಸರು ಇಡೊ, ಅಂದರೆ ಸಂತಾನ. ಮರುವರ್ಷ ಅದು ತನ್ನದೇ ಅಂತ ಒಪ್ಪಿಕೊಂಡವರು ಯಾರು ಗೊತ್ತಾ? ಅದೇ ಬೋಫ್ರೋಂ.

ಇಡೊ ಬರೆಯಲು ಯಾವ ಟೈಪ್‌ರೈಟರ್ ಆದರೂ ಸಾಕು. ಟೆಕ್ನಿಕಲ್ ಆಗಿ ನೋಡಿದರೆ ಅದೇ ಅನುಕೂಲ. ಮುಖಂಡರಲ್ಲಿ ಹಲವರು ಆ ಕಡೆ ಹೋದರು. ಹದಿಮೂರು ವರ್ಷ ಹಿಂದೆ ಇದೇ ಬದಲಾವಣೆಗೆ ಸಿದ್ಧರಿದ್ದ ಜಾಮೆನ್‌ಹಾಫ್ ಈ ಸಲ ಒಪ್ಪಲಿಲ್ಲ. ಟೋಪಿಗಳ ಮೇಲಿನ ಮೋಹದಿಂದ ಅಲ್ಲ. ಬಳಸುವವರನ್ನು ಕೇಳದೆ ಒಂದು ಸಮಿತಿ ಬದಲಾಯಿಸೋದು ಸರಿಯಲ್ಲ ಅನ್ನೋ ಕಾರಣಕ್ಕೆ. ಸಾಮಾನ್ಯ ಎಸ್ಪೆರಾಂಟೊ ಜನರಲ್ಲಿ ಹೆಚ್ಚಿನವರು ಹಳೆಯ ಭಾಷೆಯಲ್ಲೇ ಉಳಿದರು. ಇವತ್ತು ಇಡೊ ಬಲ್ಲವರು ತುಂಬಾ ಕಡಿಮೆ.

1914ರ ಆಗಸ್ಟಿನಲ್ಲಿ ಪ್ಯಾರಿಸ್‌ನಲ್ಲಿ ಹತ್ತನೇ ಸಮ್ಮೇಳನ ಇತ್ತು. ಮೂರೂವರೆ ಸಾವಿರಕ್ಕೂ ಹೆಚ್ಚು ಜನ ಹೆಸರು ಕೊಟ್ಟಿದ್ದರು. ಜಾಮೆನ್‌ಹಾಫ್ ದಂಪತಿ ಜರ್ಮನಿಯ ಕಲೋನ್ ತಲುಪುವಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಸ್ಕ್ಯಾಂಡಿನೇವಿಯಾ ಸುತ್ತಿಕೊಂಡು ಕಷ್ಟಪಟ್ಟು ಮನೆಗೆ ವಾಪಸ್ ಬಂದರು. ಜನರ ನಡುವಿನ ದ್ವೇಷ ಕಡಿಮೆ ಮಾಡಲು ಭಾಷೆ ಕಟ್ಟಿದವರು ಯುದ್ಧ ಮುಗಿಯೋದನ್ನು ನೋಡಲಿಲ್ಲ. 1917ರ ಏಪ್ರಿಲ್ 14ರಂದು, 57ನೇ ವಯಸ್ಸಿನಲ್ಲಿ, ಹೃದ್ರೋಗದಿಂದ ತೀರಿಕೊಂಡರು.

ಅವರ ನಂತರ ನಡೆದದ್ದನ್ನು ಬರೆಯೋದು ಕಷ್ಟ. ಹಿಟ್ಲರ್ ತನ್ನ ಪುಸ್ತಕದಲ್ಲೇ ಎಸ್ಪೆರಾಂಟೊ ಮೇಲೆ ಕಿಡಿ ಕಾರಿದ್ದ. ಮಗ ಆಡಮ್ ಕೂಡ ಡಾಕ್ಟರ್, ಅವರನ್ನು 1940ರಲ್ಲಿ ನಾಜಿಗಳು ಗುಂಡಿಟ್ಟು ಕೊಂದರು. ಹೆಣ್ಣುಮಕ್ಕಳಾದ ಜೋಫಿಯಾ, ಲಿಡಿಯಾ ಇಬ್ಬರನ್ನೂ 1942ರಲ್ಲಿ ಟ್ರೆಬ್ಲಿಂಕಾದಲ್ಲಿ ಕೊಂದರು. ಆಡಮ್ ಅವರ ಮಗ ಲೂಯಿ ಕ್ರಿಸ್ಟೋಫ್ ತಪ್ಪಿಸಿಕೊಂಡು ಬದುಕಿದರು. ಸಿವಿಲ್ ಇಂಜಿನಿಯರ್ ಆದ ಅವರು ಮುಂದೆ ಫ್ರಾನ್ಸಿನಲ್ಲಿ ನೆಲೆಸಿದರು, 2019ರಲ್ಲಿ ತೀರಿಕೊಂಡರು. ಅಕ್ಷರಗಳು ಹೇಗೆ ಉಳಿದವು ಅಂತ ಕೇಳುವಾಗ ಇದನ್ನೂ ನೆನಪಿಡಬೇಕು. ಅವುಗಳ ಮನೆಯವರೇ ಉಳಿಯದ ಕಾಲ ಅದು.

ಟೈಪ್‌ರೈಟರ್‌ನಿಂದ ಯೂನಿಕೋಡ್‌ವರೆಗೆ

ಫ್ರೆಂಚ್ ಟೈಪ್‌ರೈಟರ್‌ನಲ್ಲಿ ಡೆಡ್ ಕೀ ಅಂತ ಒಂದಿದೆ. ಮಾಮೂಲಿ ಕೀ ಒತ್ತಿದರೆ ಅಕ್ಷರ ಬಿದ್ದು ಕಾಗದ ಒಂದು ಮನೆ ಸರಿಯುತ್ತೆ. ಡೆಡ್ ಕೀ ಒತ್ತಿದರೆ ಟೋಪಿ ಬೀಳುತ್ತೆ, ಕಾಗದ ಮಾತ್ರ ಸರಿಯಲ್ಲ. ಮುಂದಿನ ಅಕ್ಷರ ಅದೇ ಟೋಪಿಯ ಕೆಳಗೆ ಬೀಳುತ್ತೆ. ಅದರಲ್ಲಿ ಸಿ ಇರಲಿ, ಎಚ್ ಇರಲಿ, ಯಾವುದಕ್ಕೆ ಬೇಕಾದರೂ ಟೋಪಿ ಹಾಕಬಹುದಿತ್ತು, ಯಂತ್ರ ಕೇಳ್ತಿರಲಿಲ್ಲ.

ಕಂಪ್ಯೂಟರ್ ಹಾಗಲ್ಲ. ಡೆಡ್ ಕೀ ಆದ ಮೇಲೆ ಬರೋ ಅಕ್ಷರ ಅದರ ಟೇಬಲ್‌ನಲ್ಲಿ ಇರಬೇಕು, ಇಲ್ಲದಿದ್ದರೆ ಟೋಪಿ ಒಂದು ಕಡೆ, ಅಕ್ಷರ ಒಂದು ಕಡೆ. 1963ರ ಆಸ್ಕಿ ಏಳು ಬಿಟ್‌ನದು, 128 ಜಾಗ ಅಷ್ಟೇ. ಇಂಗ್ಲಿಷ್ ತುಂಬಿಸಿದ ಮೇಲೆ ಟೋಪಿಗಳಿಗೆ ಸೀಟಿಲ್ಲ. ಆಗ ಎಸ್ಪೆರಾಂಟೊ ಜನ ಇಮೇಲ್‌ಗಳಲ್ಲಿ ಇನ್ನೊಂದು ಉಪಾಯ ಹರಡಿದರು. ಎಚ್ ಬದಲು ಎಕ್ಸ್ ಹಾಕೋದು. ಎಕ್ಸ್ ಅವರ ಅಕ್ಷರಮಾಲೆಯಲ್ಲಿ ಇಲ್ವೇ ಇಲ್ಲ, ಹಾಗಾಗಿ ಗೊಂದಲವೂ ಇಲ್ಲ. ಸಾಫ್ಟ್‌ವೇರ್ ಸುಲಭವಾಗಿ ಎಕ್ಸ್ ತೆಗೆದು ಟೋಪಿ ಹಾಕುತ್ತೆ. ಎಸ್ಪೆರಾಂಟೊ ವಿಕಿಪೀಡಿಯದಲ್ಲಿ ಹೀಗೇ ಬರೀಬಹುದು. ಒಂದೇ ಎಡ್ಜ್ ಕೇಸ್ ಅಂದ್ರೆ ಬೋರ್ಡೋ ಥರದ ಫ್ರೆಂಚ್ ಹೆಸರುಗಳು, ಅವುಗಳ ಕೊನೆಯಲ್ಲಿ ಯು ಮತ್ತು ಎಕ್ಸ್ ಬರುತ್ತೆ. ಅಲ್ಲಿ ಎಕ್ಸ್ ಎರಡು ಸಲ ಒತ್ತಬೇಕು. ನಮ್ಮ ಪ್ರೋಗ್ರಾಂಗಳಲ್ಲಿ ಎಸ್ಕೇಪ್ ಕ್ಯಾರೆಕ್ಟರ್ ಬರೆಯೋ ಹಾಗೆ.

ಇದನ್ನು ಓದಿದಾಗ ನಮಗೆ ನೆನಪಾಗೋದು ನುಡಿ. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ ಒತ್ತಕ್ಷರ ಬರಬೇಕಾದರೆ ಎಫ್ ಒತ್ತುತ್ತೀವಿ. ಎಫ್ ಸದ್ದು ಕನ್ನಡದ ಮೂಲ ಅಕ್ಷರಮಾಲೆಯಲ್ಲಿ ಇಲ್ಲ. ಅಲ್ಲಿ ಎಕ್ಸ್, ಇಲ್ಲಿ ಎಫ್. ಬೇಡದ ಕೀಯನ್ನು ಬೇಕಾದ ಕೆಲಸಕ್ಕೆ ಹಚ್ಚಿದ್ದಾರೆ.

1988ರಲ್ಲಿ ಐಎಸ್‌ಒ 8859-3 ಅನ್ನೋ ಎನ್‌ಕೋಡಿಂಗ್‌ನಲ್ಲಿ ಮಾಲ್ಟೀಸ್ ಜೊತೆ ಎಸ್ಪೆರಾಂಟೊಗೂ ಜಾಗ ಸಿಕ್ಕಿತು. 1991ರಲ್ಲಿ ಬಂದ ಯೂನಿಕೋಡ್‌ನಲ್ಲಿ ಆರೂ ಅಕ್ಷರಗಳಿಗೆ ಶಾಶ್ವತ ನಂಬರ್ ಸಿಕ್ಕಿತು. ಎಂಎಸ್ ವರ್ಡ್‌ನಲ್ಲಿ 0109 ಅಂತ ಟೈಪ್ ಮಾಡಿ ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ಟೋಪಿ ಹಾಕಿದ ಸಿ ಬರುತ್ತೆ. ಅದೇ ಥರ ಸೊನ್ನೆ, ಸಿ, ಒಂಬತ್ತು, ಐದು ಒತ್ತಿ ಆಲ್ಟ್ ಎಕ್ಸ್ ಒತ್ತಿದರೆ ನಮ್ಮ ಕ ಬರುತ್ತೆ. ಲಿನಕ್ಸ್‌ನಲ್ಲಿ ಎಸ್ಪೆರಾಂಟೊ ಕೀಬೋರ್ಡ್ ಲೇಔಟ್ ಮೊದಲೇ ಇದೆ, ಕನ್ನಡದ್ದೂ ಇದೆ. ಪ್ರೆಸ್‌ನಲ್ಲಿ ಮೊಳೆ ಇಲ್ಲದ ಅಕ್ಷರಗಳು ಇವತ್ತು ನಮ್ಮ ಲ್ಯಾಬಿನ ಎಲ್ಲಾ ಸಿಸ್ಟಮ್‌ನಲ್ಲೂ ಇವೆ.

1894ರ ಚಂದಾದಾರರಿಗೆ ಕಂಪ್ಯೂಟರ್ ಬರುತ್ತೆ ಅಂತ ಕನಸೂ ಇರಲಿಲ್ಲ. ಅವತ್ತಿನ ಯಂತ್ರಕ್ಕೆ ಕಷ್ಟ ಅಂತ ಅವರು ಆ ಆರು ಅಕ್ಷರ ಬಿಟ್ಟಿದ್ದರೆ, ಯೂನಿಕೋಡ್ ಬಂದಾಗ ಕೇಳಲು ಏನೂ ಉಳಿದಿರುತ್ತಿರಲಿಲ್ಲ. ಸುಮಾರು ನೂರು ವರ್ಷ ಎಚ್ ಹಾಕ್ಕೊಂಡು, ಎಕ್ಸ್ ಹಾಕ್ಕೊಂಡು ಕಾಲ ತಳ್ಳಿದರು. ಆದರೆ ಅದು ತಾತ್ಕಾಲಿಕ ಅಂತ ಅವರಿಗೆ ಗೊತ್ತಿತ್ತು. ಅವಕಾಶ ಸಿಕ್ಕ ಕೂಡಲೇ ಟೋಪಿ ವಾಪಸ್ ಹಾಕಿದರು.

ನಮಗೆ ನೂರು ವರ್ಷ ಕಾಯಬೇಕಾಗಿಲ್ಲ. ಳ, ಣ, ಥ ಎಲ್ಲವೂ ಈಗಲೇ ನಮ್ಮ ಜೇಬಿನ ಮೊಬೈಲಿನಲ್ಲಿ ಇವೆ, ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು ಅಷ್ಟೇ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ಮೊದಮೊದಲು ನಿಧಾನ ಆಗುತ್ತೆ, ಒಂದು ವಾರ ಕಳೆದರೆ ಕೈ ಕೂರುತ್ತೆ. ಈ ಲೇಖನದ ಬಗ್ಗೆ ಏನಾದ್ರೂ ಹೇಳೋದಿದ್ರೆ ನಮ್ಮ ಕನ್ನಡ ಸಂಘದ ಗ್ರೂಪಿನಲ್ಲಿ ಬರೀರಿ. ಹಳ್ಳಿ ಅಂದರೆ ಹಳ್ಳಿ ಅಂತಲೇ ಓದೋ ಹಾಗೆ ಬರೀರಿ.